ನಮ್ಮ ತಾರಸಿಯ ಕರೆಂಟು

ತುಮಕೂರಿನ ನಮ್ಮ ಮನೆಯ ಮೇಲೆ 3 ಕಿಲೋವ್ಯಾಟ್‌ನ ಸೋಲಾರ್ ಹಾಕಿಸಿದ ಮೇಲೆ ಬಂದವರೆಲ್ಲ ಕೇಳುವುದು, 'ಲಾಭ ಇದೆಯಾ?' ಎಂದು. ನಾನು ಮೊದಲು ಅವರ ಕರೆಂಟ್ ಬಿಲ್ ಕೇಳುತ್ತೇನೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್‌ನೊಳಗೆ ಬಳಸುವ ಎಷ್ಟೋ ಮನೆಗಳ ಬಿಲ್ಲು ಸೊನ್ನೆ. ಎದುರು ಮನೆಯ ಅಕ್ಕನದೂ ಹಾಗೇ. ಸೋಲಾರ್ ಮಾರಲು ಬಂದ ಹುಡುಗ ಅವರಿಗೆ ಸಾಲದ ಅರ್ಜಿಯನ್ನೂ ತಂದಿದ್ದ. 'ಸೊನ್ನೆಯಲ್ಲಿ ಏನು ಉಳಿಸ್ತೀರಕ್ಕ, ಸುಮ್ಮನಿರಿ' ಅಂದೆ. ನಮ್ಮ ಕತೆ ಬೇರೆ. ಕೂಡು ಕುಟುಂಬ, ಬೋರ್‌ವೆಲ್ ಮೋಟರ್, ಇಂಡಕ್ಷನ್ ಒಲೆ, ಜೊತೆಗೆ ಮಗನ ಎಲೆಕ್ಟ್ರಿಕ್ ಸ್ಕೂಟರ್ ಸೇರಿ 300 ಯೂನಿಟ್ ದಾಟುತ್ತಿತ್ತು. 200 ದಾಟಿತೆಂದರೆ ಪೂರ್ತಿ ಬಿಲ್ಲೂ ನಮ್ಮ ತಲೆಗೇ.

ಖರ್ಚು ಸುಮಾರು 2 ಲಕ್ಷ ರೂಪಾಯಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಆದರೆ ಅದು ಮೀಟರ್ ಕೂತು, ಕೆಲಸವೆಲ್ಲ ಮುಗಿದ ಮೇಲೆ ಖಾತೆಗೆ ಬರುವ ದುಡ್ಡು. ಅಲ್ಲಿಯವರೆಗೆ ಪೂರ್ತಿ ಹಣ ನಾವೇ ಹೊಂದಿಸಬೇಕು. ಸಬ್ಸಿಡಿ ಬೇಕೆಂದರೆ ಪ್ಯಾನೆಲ್ ಭಾರತದಲ್ಲೇ ತಯಾರಾದದ್ದಾಗಿರಬೇಕು, ಅದರ ಬೆಲೆ ಕೊಂಚ ಜಾಸ್ತಿ. ಸ್ಟ್ಯಾಂಡನ್ನು ಆಳೆತ್ತರಕ್ಕೆ ಏರಿಸಲು ಇನ್ನಷ್ಟು ಖರ್ಚಾಯಿತು. ಅಮ್ಮನಿಗೆ ಸಂಡಿಗೆ, ಹಪ್ಪಳ ಒಣಗಿಸಲು ತಾರಸಿ ಬೇಕಲ್ಲ!

ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್, ಅಂದರೆ ನಮಗೆ ತಿಂಗಳಿಗೆ 360ರ ಆಸುಪಾಸು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 2,000 ರೂಪಾಯಿ ಮೇಲೆ ಉಳಿಯುತ್ತದೆ, ಐದಾರು ವರ್ಷದಲ್ಲಿ ಹಾಕಿದ್ದು ವಾಪಸ್. ಇದು ವರ್ಷದ ಸರಾಸರಿ ಮಾತು. ಆಷಾಢದ ಮೋಡಕ್ಕೆ ಉತ್ಪಾದನೆ ಕುಸಿಯುತ್ತದೆ. ಏಪ್ರಿಲ್ ಬಿಸಿಲಿಗೆ ಭರ್ತಿ ಬರುತ್ತದೆಂದು ಲೆಕ್ಕ ಹಾಕಿದರೆ ಅದೂ ಪೂರ್ತಿ ನಿಜವಲ್ಲ, ಪ್ಯಾನೆಲ್ ಕಾದಷ್ಟೂ ಇಳುವರಿ ತಗ್ಗುತ್ತದೆ. ನೀರಿನ ಟ್ಯಾಂಕಿನದೋ ಪಕ್ಕದ ತೆಂಗಿನದೋ ನೆರಳು ಒಂದು ಮೂಲೆಗೆ ಬಿದ್ದರೂ ನಷ್ಟ ಆ ಮೂಲೆಗಷ್ಟೇ ನಿಲ್ಲುವುದಿಲ್ಲ. ಹಾಗೆಂದು ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿ ಕರೆಂಟು ಮಾರುವ ಆಸೆಯೂ ಬೇಡ. ಹೆಚ್ಚುವರಿ ಯೂನಿಟ್‌ಗೆ ಸಿಗುವುದು ನಾವು ಕೊಳ್ಳುವ ದರಕ್ಕಿಂತ ತೀರಾ ಕಡಿಮೆ. ಬಿಲ್ಲಿನಲ್ಲಿ ನಿಗದಿತ ಶುಲ್ಕವಂತೂ ಇದ್ದೇ ಇರುತ್ತದೆ.

ಮನೆಯವರಿಗೆಲ್ಲ ಅರಗಿಸಿಕೊಳ್ಳಲು ಕಷ್ಟವಾದದ್ದು ಬೇರೆಯೇ. ಮಟಮಟ ಮಧ್ಯಾಹ್ನ ಲೈನ್ ಹೋದರೆ ನಮ್ಮ ಫ್ಯಾನೂ ನಿಲ್ಲುತ್ತದೆ. ಬ್ಯಾಟರಿಯಿಲ್ಲದ ಆನ್-ಗ್ರಿಡ್ ವ್ಯವಸ್ಥೆ ಇರುವುದೇ ಹೀಗೆ. ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯಬಾರದೆಂದು ಇನ್ವರ್ಟರ್ ತಾನೇ ಬಂದ್ ಆಗುತ್ತದೆ. 'ಇಷ್ಟು ದುಡ್ಡು ಸುರಿದು ಕತ್ತಲಲ್ಲಿ ಕೂರೋದಾ?' ಎಂದ ಅಮ್ಮನಿಗೆ ಈ ವಿವರಣೆ ಇಂದಿಗೂ ಒಪ್ಪಿಗೆಯಿಲ್ಲ. ಅದಕ್ಕೇ ಹಳೆಯ ಯುಪಿಎಸ್ಸನ್ನು ಉಳಿಸಿಕೊಂಡಿದ್ದೇವೆ.

ಧೂಳು ತೊಳೆಯುವುದು ದೊಡ್ಡ ಕೆಲಸವೇನಲ್ಲ. ಬೆಳಿಗ್ಗೆ ಗಾಜು ತಣ್ಣಗಿರುವಾಗ ಮೆತ್ತನೆ ಬಟ್ಟೆ, ಒಂದೆರಡು ಬಕೆಟ್ ನೀರು ಸಾಕು. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇದೆ, ಇನ್ವರ್ಟರ್ ಅಷ್ಟು ಕಾಲ ಬಾಳುವುದಿಲ್ಲ. ಮಧ್ಯೆ ಒಮ್ಮೆಯಾದರೂ ಬದಲಿಸಬೇಕಾದೀತೆಂದು, ಬಿಲ್ಲಿನಲ್ಲಿ ಉಳಿದದ್ದರಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯ ಆರ್‌ಡಿಗೆ ಕಟ್ಟುತ್ತಿದ್ದೇವೆ.