ಇಷ್ಟದ ಜೊತೆಗೆ ಕಾರಣವನ್ನೂ ಹೇಳಿ

‘ವಿಮ್ ಬಿಟ್ಟರೆ ಬೇರೆ ಟೆಕ್ಸ್ಟ್ ಎಡಿಟರೇ ಇಲ್ಲ’ ಎಂದು ಅನ್ನಿಸಿದರೆ ಧಾರಾಳವಾಗಿ ಹೇಳಿ. ಏಕೆ ಎಂಬುದನ್ನೂ ಸೇರಿಸಿ. ವಿಮ್‌ನಲ್ಲಿ ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಕೀಲಿಗಳಿವೆಯಲ್ಲ? 1976ರ ಸುಮಾರಿಗೆ ಬಿಲ್ ಜಾಯ್ ಅದರ ಪೂರ್ವಜ ‘ವಿಐ’ ಬರೆಯುವಾಗ ಬಳಸಿದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಆ ಕೀಲಿಗಳ ಮೇಲೇ ಇದ್ದವು. ನಾವು ಪಟ್ಟುಹಿಡಿದು ಹೊಗಳುವ ಗುಣ ಯಾರದೋ ಮೇಜಿನ ಮೇಲಿದ್ದ ಯಂತ್ರದಿಂದ ಬಂದದ್ದು! ನಿಮ್ಮ ಇಷ್ಟವೂ ನಿಮ್ಮ ಕೆಲಸದಿಂದಲೇ ಹುಟ್ಟಿರುತ್ತದೆ. ‘ದೂರದ ಸರ್ವರ್‌ಗೆ ಲಾಗಿನ್ ಆಗಿ ದಿನವಿಡೀ ಫೈಲ್ ತಿದ್ದುತ್ತೇನೆ, ಅದಕ್ಕೆ ಇದು ಒಗ್ಗಿದೆ’ ಎಂದರೆ ಕೇಳುವವರಿಗೆ ತೂಗಿ ನೋಡಲು ಏನಾದರೂ ಸಿಗುತ್ತದೆ. ಜಾವಾದ ದೊಡ್ಡ ಪ್ರಾಜೆಕ್ಟ್ ಹೊತ್ತವರು ಬೇರೆಯದನ್ನು ಆರಿಸಿಕೊಂಡಿದ್ದರೆ, ವಾದಕ್ಕಿಳಿಯುವ ಮೊದಲು ಅವರ ಪಕ್ಕ ಅರ್ಧ ಗಂಟೆ ಕೂತು, ಅವರು ಕೆಲಸ ಮಾಡುವುದನ್ನು ನೋಡಿ.