ದೀರ್ಘಕಾಲದ ಕರುಳಿನ ಉರಿಯೂತ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಹೊಟ್ಟೆ ಕೆಟ್ಟು ಎರಡು ಮೂರು ದಿನ ಭೇದಿಯಾಗುವುದು ಎಲ್ಲರಿಗೂ ಪರಿಚಿತವಾದ ತೊಂದರೆ. ಆದರೆ ವಾರಗಟ್ಟಲೆ ಬಿಡದೆ ಭೇದಿಯಾಗುವುದು, ಮಲದೊಡನೆ ರಕ್ತ ಮತ್ತು ಲೋಳೆ ಬೀಳುವುದು, ದಿನೇ ದಿನೇ ಮೈ ಇಳಿಯುವುದು ಅಲಕ್ಷ್ಯ ಮಾಡತಕ್ಕ ವಿಷಯವಲ್ಲ. ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲೊಂದು ದೀರ್ಘಕಾಲದ ಕರುಳಿನ ಉರಿಯೂತ. ಈ ಕಾಯಿಲೆ ಹೆಚ್ಚಾಗಿ ಹದಿಹರೆಯದಿಂದ ನಲವತ್ತು ವರ್ಷದೊಳಗೆ, ಅಂದರೆ ಮದುವೆ, ಬಸಿರು, ಬಾಣಂತನ ಹಾಗೂ ದುಡಿಮೆಯ ಕಾಲದಲ್ಲಿಯೇ ತಲೆದೋರುತ್ತದೆ. ಆದುದರಿಂದ ಗಂಡ ಹೆಂಡಿರಿಬ್ಬರೂ ಇದರ ವಿಚಾರವನ್ನು ಅರಿತಿರುವುದು ಅವಶ್ಯಕ.

ಕಾಯಿಲೆಯ ಸ್ವರೂಪ

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಅಲ್ಸರೇಟಿವ್ ಕೊಲೈಟಿಸ್. ಇದು ಗುದನಾಳದಿಂದ ಪ್ರಾರಂಭವಾಗಿ ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣುಗಳನ್ನುಂಟುಮಾಡುತ್ತದೆ. ಎರಡನೆಯದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯಾದರೂ ಬರಬಹುದು. ಕರುಳಿನ ಗೋಡೆಯ ಆಳಕ್ಕಿಳಿದು ಕೆಲವೆಡೆ ಕರುಳನ್ನು ಕಿರಿದಾಗಿಸುತ್ತದೆ. 1932ರಲ್ಲಿ ಇದನ್ನು ವಿವರಿಸಿದ ನ್ಯೂಯಾರ್ಕಿನ ವೈದ್ಯರಲ್ಲಿ ಒಬ್ಬರಾದ ಡಾ. ಬರಿಲ್ ಕ್ರೋನ್ ಅವರ ಹೆಸರೇ ಕಾಯಿಲೆಗೆ ಉಳಿದಿದೆ.

ಇದು ಪರದೇಶದವರ ಕಾಯಿಲೆಯೆಂದು ಹಿಂದೆ ಭಾವಿಸಲಾಗಿತ್ತು. ಆದರೆ ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ಕಂಡುಬಂದಿತು.

ನಮ್ಮ ದೇಹವನ್ನು ರೋಗಾಣುಗಳಿಂದ ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಕರುಳನ್ನು ಕೆರಳಿಸುವುದು ಈ ಕಾಯಿಲೆಯ ಮೂಲ. ಇದು ಅಂಟುರೋಗವಲ್ಲ. ಒಟ್ಟಿಗೆ ಉಣ್ಣುವುದರಿಂದಾಗಲಿ, ದಾಂಪತ್ಯ ಸಂಬಂಧದಿಂದಾಗಲಿ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಹೆಂಡತಿಯ ಅಡಿಗೆಯ ದೋಷದಿಂದಲೋ, ಯಾರದೋ ದೃಷ್ಟಿಯಿಂದಲೋ ಬಂದುದೆಂಬ ಮಾತಿಗೆ ಆಧಾರವಿಲ್ಲ.

ರೋಗವನ್ನು ಗುರುತಿಸುವ ಬಗೆ

ಮಲದಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ತಾವೇ ತೀರ್ಮಾನಿಸಿ, ವರ್ಷಗಟ್ಟಲೆ ನಾಟಿ ಔಷಧವನ್ನೋ ಅಂಗಡಿಯ ಮಾತ್ರೆಯನ್ನೋ ನುಂಗುವವರು ಅನೇಕರು. ಅಷ್ಟರಲ್ಲಿ ರಕ್ತಹೀನತೆ ಹೆಚ್ಚಿ ರೋಗಿ ನಿತ್ರಾಣಗೊಂಡಿರುತ್ತಾರೆ. ಕೆಲವರಲ್ಲಿ ಕೀಲುನೋವು, ಕಣ್ಣು ಕೆಂಪಾಗುವುದು, ಬಾಯಿಹುಣ್ಣು ಸಹ ಕಾಣಿಸಿಕೊಳ್ಳುತ್ತವೆ.

ಎರಡು ಮೂರು ವಾರ ಭೇದಿ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲ ಮತ್ತು ರಕ್ತದ ಪರೀಕ್ಷೆ ಮಾಡಿಸಬೇಕು. ಅವಶ್ಯವೆನಿಸಿದರೆ ವೈದ್ಯರು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ಗುದದ್ವಾರದ ಮೂಲಕ ನಳಿಕೆಯನ್ನು ತೂರಿಸಿ ಕರುಳಿನ ಒಳಭಾಗವನ್ನು ನೋಡುವ ಕೊಲೊನೊಸ್ಕೋಪಿ ಪರೀಕ್ಷೆ ನಡೆಸಿ, ಕರುಳಿನ ಚೂರೊಂದನ್ನು ತೆಗೆದು ಪರೀಕ್ಷಿಸುತ್ತಾರೆ. ಇದಕ್ಕೆ ನಾಚಿಕೆ ಪಡಬೇಕಾದುದಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯರೋಗವೂ ಉಂಟು. ಅದು ನೋಡಲು ಕ್ರೋನ್ಸ್ ಕಾಯಿಲೆಯನ್ನೇ ಹೋಲುತ್ತದೆ. ಆದರೆ ಚಿಕಿತ್ಸೆ ಬೇರೆ. ಕ್ರೋನ್ಸ್ ಕಾಯಿಲೆಯೆಂದು ತಪ್ಪಾಗಿ ತಿಳಿದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸಬಹುದು. ಪರೀಕ್ಷೆ ಮುಗಿಯುವವರೆಗೆ ತಾಳ್ಮೆ ಬೇಕೆನ್ನುವುದು ಇದಕ್ಕಾಗಿಯೇ.

ದಿನನಿತ್ಯದ ಬಾಳು

ಈ ಕಾಯಿಲೆ ಕೆಲಕಾಲ ಶಾಂತವಾಗಿದ್ದು ಮತ್ತೆ ಮರುಕಳಿಸುತ್ತದೆ. ಮರುಕಳಿಸಿದಾಗ ರೋಗಿಯು ದಿನಕ್ಕೆ ಹತ್ತು ಹದಿನೈದು ಬಾರಿ ಶೌಚಕ್ಕೆ ಹೋಗಬೇಕಾಗಬಹುದು. ಅವಸರ ಬಂದರೆ ತಡೆದುಕೊಳ್ಳಲಾಗದು. ಹೊಲದ ಕೆಲಸ, ಸಂತೆ, ಬಸ್ ಪ್ರಯಾಣ, ನೆಂಟರ ಮನೆಯ ಶುಭಕಾರ್ಯ ಎಲ್ಲವೂ ಭಯದ ಸಂಗತಿಗಳಾಗುತ್ತವೆ. ಹೆಂಗಸರು ಕತ್ತಲಾಗುವವರೆಗೆ ಕಾಯುವ ಹಿಂಸೆಯಿಂದ ಊಟವನ್ನೇ ಬಿಟ್ಟುಬಿಡುವುದುಂಟು. ಇಂತಹ ರೋಗಿಯಿರುವ ಮನೆಗೆ ಶೌಚಾಲಯವು ಔಷಧದಷ್ಟೇ ಮುಖ್ಯ. ಕಟ್ಟಿಸಲು ಸಿಗುವ ಸರ್ಕಾರದ ಸಹಾಯಧನವನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ.

ಹೊರಗೆ ಸುಮ್ಮನೆ ಕುಳಿತಂತೆ ಕಾಣುವ ರೋಗಿಯ ಒಳಗೆ ರಕ್ತ ಸೋರುತ್ತಿರಬಹುದು. ಅವರನ್ನು ಸೋಮಾರಿಯೆಂದು ಹಳಿಯಬಾರದು. ಕಾಯಿಲೆ ಜೋರಾದಾಗ ದಾಂಪತ್ಯ ಸಂಬಂಧದಲ್ಲಿ ಆಸಕ್ತಿ ಕುಗ್ಗುವುದು ಸಹಜ. ಆಗ ಮುನಿಸಿಕೊಳ್ಳದೆ ಪರಸ್ಪರ ಮಾತನಾಡಿ ಅರ್ಥಮಾಡಿಕೊಳ್ಳುವುದು ವಿವೇಕ. ಸೊಸೆಗೆ ಕಾಯಿಲೆಯೆಂದು ತವರಿಗೆ ಕಳುಹಿಸಿಬಿಡುವುದು ಅನ್ಯಾಯ. ನೀರು ತರುವುದು, ಸೌದೆ ಹೊರುವುದು ಮೊದಲಾದ ಕೆಲಸಗಳಲ್ಲಿ ಗಂಡನು ಕೈಜೋಡಿಸಬೇಕು.

ಆಹಾರ ಮತ್ತು ಔಷಧ

ಎಲ್ಲ ರೋಗಿಗಳಿಗೂ ಹೊಂದುವ ಒಂದೇ ಪಥ್ಯವಿಲ್ಲ. ಕಾಯಿಲೆ ಜೋರಾಗಿದ್ದಾಗ ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಇಡ್ಲಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಮುಂತಾದವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬಹುದು. ಖಾರ ಮತ್ತು ಕರಿದ ಪದಾರ್ಥ ಕೆಲವರಿಗೆ ಹಿಡಿಸುವುದಿಲ್ಲ. ಕರುಳು ಕಿರಿದಾಗಿದ್ದವರು ನಾರುಳ್ಳ ತರಕಾರಿ, ಸಿಪ್ಪೆ, ಬೀಜಗಳನ್ನು ತ್ಯಜಿಸಬೇಕು. ಶಾಂತವಾಗಿರುವಾಗ ಮನೆಯವರೆಲ್ಲರಂತೆ ಮುದ್ದೆ, ಸೊಪ್ಪು, ಕಾಳು ತಿನ್ನಬಹುದು. ಕಾರಣವಿಲ್ಲದೆ ಪಥ್ಯ ಹಿಡಿದರೆ ದೇಹ ಇನ್ನಷ್ಟು ಕೃಶವಾಗುತ್ತದೆ. ಭೇದಿ ಹೆಚ್ಚಿದಾಗ ಓ.ಆರ್.ಎಸ್. ಕುಡಿಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿರಿ. ಬೀಡಿ ಸಿಗರೇಟು ಕ್ರೋನ್ಸ್ ಕಾಯಿಲೆಯನ್ನು ಕೆರಳಿಸುತ್ತವೆ.

ಔಷಧದಿಂದ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದರೆ ಅದು ಮರುಕಳಿಸುವ ಸಂಭವ ಹೆಚ್ಚು. ಸ್ಟೀರಾಯ್ಡ್ ಮಾತ್ರೆಗಳನ್ನಂತೂ ಏಕಾಏಕಿ ನಿಲ್ಲಿಸಲೇಬಾರದು. ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕು. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವೇ ಕೊಂಡು ನುಂಗಬಾರದು. ಎಂಟು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಕರುಳಿನ ಕಾಯಿಲೆಯಿರುವವರಿಗೆ ಕ್ಯಾನ್ಸರಿನ ಸಂಭವ ಸ್ವಲ್ಪ ಹೆಚ್ಚಾಗಿರುವುದರಿಂದ, ವೈದ್ಯರು ಹೇಳಿದ ಅವಧಿಗೆ ಸರಿಯಾಗಿ ಕೊಲೊನೊಸ್ಕೋಪಿ ಮಾಡಿಸಿಕೊಳ್ಳುತ್ತಿರಬೇಕು.

ಸಂತಾನ ಮತ್ತು ಕುಟುಂಬ ಯೋಜನೆ

ಈ ಕಾಯಿಲೆಯಿರುವ ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನು ಪಡೆಯಬಲ್ಲರು. ತಂದೆಗೋ ತಾಯಿಗೋ ಕಾಯಿಲೆಯಿದ್ದರೆ ಮಗುವಿಗೆ ಬರುವ ಸಂಭವ ತುಸು ಹೆಚ್ಚಾದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಕಾಯಿಲೆ ಕನಿಷ್ಠ ಮೂರರಿಂದ ಆರು ತಿಂಗಳು ಶಾಂತವಾಗಿದ್ದ ಮೇಲೆ ಗರ್ಭ ಧರಿಸುವುದು ಕ್ಷೇಮಕರ. ಅಲ್ಲಿಯವರೆಗೆ ನಿರೋಧ್ ಬಳಸಬಹುದು. ನುಂಗುವ ಗರ್ಭನಿರೋಧಕ ಮಾತ್ರೆ ಎಲ್ಲ ರೋಗಿಗಳಿಗೂ ಹಿತವಲ್ಲ; ಕಾಯಿಲೆ ಜೋರಾಗಿರುವಾಗ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಬಸುರಿಯಾದೊಡನೆ ಹೆದರಿ ಮಾತ್ರೆ ಬಿಡುವುದು ದೊಡ್ಡ ತಪ್ಪು. ಹೆಚ್ಚಿನ ಮಾತ್ರೆಗಳಿಗಿಂತ ಕೆರಳಿದ ಕಾಯಿಲೆಯೇ ಮಗುವಿಗೆ ಹೆಚ್ಚು ಹಾನಿಕರ. ದಿನ ತುಂಬದೆ ಹೆರಿಗೆಯಾಗಬಹುದು, ಮಗುವಿನ ತೂಕ ಕಡಿಮೆಯಾಗಬಹುದು. ಆದರೆ ಮೆಥೊಟ್ರೆಕ್ಸೇಟ್ ಎಂಬ ಔಷಧ ಭ್ರೂಣಕ್ಕೆ ಅಪಾಯಕಾರಿ. ಗರ್ಭ ಧರಿಸುವ ತಿಂಗಳುಗಳ ಮೊದಲೇ ಅದನ್ನು ವೈದ್ಯರು ಬದಲಿಸಬೇಕು. ಸಲ್ಫಾಸಲಜೀನ್ ಸೇವಿಸುವ ಹೆಂಗಸರು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು.

ಗಂಡಸರು ತಿಳಿಯಬೇಕಾದ ಮಾತೊಂದುಂಟು. ಇದೇ ಸಲ್ಫಾಸಲಜೀನ್ ಮಾತ್ರೆಯಿಂದ ಗಂಡಸಿನ ವೀರ್ಯಾಣುಗಳು ಕಡಿಮೆಯಾಗುತ್ತವೆ. ಕಾಯಿಲೆಗೆ ಮಾತ್ರೆ ನುಂಗುತ್ತಿರುವವನು ಗಂಡ. ಮಕ್ಕಳಾಗಲಿಲ್ಲವೆಂದು ಮಾತು ಕೇಳುವವಳು ಹೆಂಡತಿ. ಮಾತ್ರೆಯನ್ನು ಬದಲಿಸಿದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ವೀರ್ಯಾಣುಗಳು ಮೊದಲಿನಂತಾಗುತ್ತವೆ. ಆದುದರಿಂದ ಹರಕೆ, ಮರುಮದುವೆಯ ಮಾತು ಬರುವ ಮೊದಲು ದಂಪತಿಗಳಿಬ್ಬರೂ ವೈದ್ಯರನ್ನು ಕಾಣಬೇಕು.

ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದ ಚಿಹ್ನೆಗಳು

1. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿ, ಅದರೊಡನೆ ಜ್ವರ ಅಥವಾ ನಾಡಿಯ ವೇಗ.
2. ಹೊಟ್ಟೆ ಉಬ್ಬರಿಸಿ ಗಟ್ಟಿಯಾಗುವುದು, ತಡೆಯಲಾಗದ ನೋವು.
3. ಬಿಡದ ವಾಂತಿ, ಮಲ, ವಾಯು ಎರಡೂ ಕಟ್ಟಿಕೊಳ್ಳುವುದು.
4. ತಲೆಸುತ್ತಿ ಬೀಳುವುದು, ಮೂತ್ರ ಕಡಿಮೆಯಾಗುವುದು.
5. ಒಂದು ಕಾಲು ಮಾತ್ರ ಊದಿ ನೋಯುವುದು, ಅಥವಾ ಇದ್ದಕ್ಕಿದ್ದಂತೆ ಉಸಿರುಕಟ್ಟುವುದು.

ದಂಪತಿಗಳು ಕುಳಿತು ಚರ್ಚಿಸಬೇಕಾದ ಪ್ರಶ್ನೆಗಳು

1. ಮನೆಯಲ್ಲಿ ಯಾರಿಗಾದರೂ ಬಹುದಿನದಿಂದ ರಕ್ತ ಬೀಳುತ್ತಿದ್ದು, ನಾಚಿಕೆಯಿಂದ ಹೇಳದೆ ಇರುವರೆ?
2. ರೋಗಿಯು ರಾತ್ರಿ ವೇಳೆ ಭಯವಿಲ್ಲದೆ ಶೌಚಕ್ಕೆ ಹೋಗುವ ಅನುಕೂಲ ನಮ್ಮಲ್ಲಿದೆಯೆ?
3. ನುಂಗುತ್ತಿರುವ ಮಾತ್ರೆಗಳ ಹೆಸರು ಗಂಡ ಹೆಂಡಿರಿಬ್ಬರಿಗೂ ಗೊತ್ತಿದೆಯೆ?
4. ಮುಂದಿನ ಮಗು ಯಾವಾಗ ಬೇಕೆಂಬುದನ್ನು ವೈದ್ಯರೊಡನೆ ಸಮಾಲೋಚಿಸಿದ್ದೇವೆಯೆ?

ಸಂದೇಹವಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕೇಳಿರಿ, ಇಲ್ಲವೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಬರುವಾಗ ಹಳೆಯ ಚೀಟಿಗಳನ್ನೂ ಮಾತ್ರೆಗಳನ್ನೂ ಜೊತೆಯಲ್ಲಿ ತನ್ನಿರಿ.