ಚಾಕು ಎಲ್ಲಿರಬೇಕು?

ಚಿರಂಜೀವಿ ಕಂದನಿಗೆ,

ನೀನು ವೈರಿಂಗ್ ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ಸಂತೋಷವಾಯಿತು. ಮೊದಲ ಸಂಬಳದಲ್ಲಿ ಮಡಚುವ ಚಾಕು ಕೊಂಡಿದ್ದೀಯಂತೆ, ಅದನ್ನು ಜೇಬಿನ ಅಂಚಿಗೆ ಸಿಕ್ಕಿಸಿಕೊಂಡೇ ಕೆಂಗೇರಿಯಿಂದ ರಾಜಾಜಿನಗರದವರೆಗೆ ಓಡಾಡುತ್ತೀಯಂತೆ. ನಿಮ್ಮಮ್ಮನಿಗೆ ಅದೇ ದಿಗಿಲು. ನಿಮ್ಮಪ್ಪ ‘ಬಿಸಾಕು’ ಅಂದನಂತೆ. ನಾನು ಹಾಗೆ ಅನ್ನುವವನಲ್ಲ. ಟೂಲ್‌ರೂಮಿನಲ್ಲೇ ಆಯುಷ್ಯ ಕಳೆದವನಿಗೆ ಒಳ್ಳೆಯ ಉಪಕರಣದ ಮೇಲಿನ ಮೋಹ ಚೆನ್ನಾಗಿ ಗೊತ್ತು. ಆದರೆ ಅದು ಯಾವಾಗ ನಿನ್ನ ಮೈಮೇಲಿರಬೇಕು, ಎಲ್ಲಿರಬೇಕು ಅನ್ನುವುದನ್ನು ವಿವರವಾಗಿ ಹೇಳಬೇಕೆನಿಸಿತು. ನಿನ್ನ ಜೊತೆಯ ಹುಡುಗರೂ ಓದಲಿ ಎಂದು ಕಾಗದವನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ವಿಜಯನಗರದ ಯಾವ ಮೂಲೆಯಲ್ಲಾದರೂ ನಿಂತು ಎಳನೀರು ಮಾರುವವರನ್ನು ನೋಡು. ಹರಿತವಾದ ಮಚ್ಚು ಗಾಡಿಯ ಮೇಲೆ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಶಾಲೆಯ ಮಕ್ಕಳು ಪಕ್ಕದಲ್ಲೇ ನಿಂತು ಗಂಜಿ ತಿನ್ನುತ್ತಾರೆ, ಯಾರಿಗೂ ಹೆದರಿಕೆಯಿಲ್ಲ. ಅದೇ ಮಚ್ಚನ್ನು ಒಬ್ಬ ಹುಡುಗ ಶರ್ಟಿನೊಳಗೆ ಸಿಕ್ಕಿಸಿಕೊಂಡು ಬೈಕಿನಲ್ಲಿ ಹೋದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಕಬ್ಬಿಣ ಒಂದೇ. ಒಂದು ಕಡೆ ಅದರ ಪಕ್ಕದಲ್ಲಿ ಕೆಲಸವಿದೆ, ಇನ್ನೊಂದು ಕಡೆ ಇಲ್ಲ. ನಿನ್ನ ಚಾಕುವಿನ ವಿಷಯದಲ್ಲಿ ನಾನು ಹೇಳಬೇಕಾದದ್ದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಚಾಕು ಕೆಲಸದ ಜೊತೆ ಹೋಗಲಿ, ಕೆಲಸದ ಜೊತೆ ವಾಪಸು ಬರಲಿ. ಕೆಲಸವಿಲ್ಲದ ಹೊತ್ತಿನಲ್ಲಿ ಅದು ನಿನ್ನ ಜೇಬಿನಲ್ಲಿರುವುದಕ್ಕೆ ಕಾರಣವೇ ಇಲ್ಲ.

ಕೊಡಗಿನ ಮದುವೆಗೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕುಪ್ಯ ತೊಟ್ಟ ಗಂಡಸು ಸೊಂಟಕ್ಕೆ ಚೇಲೆ ಸುತ್ತಿ, ಮುಂದುಗಡೆ ಪೀಚೆಕತ್ತಿಯನ್ನು ಒರೆಯ ಸಮೇತ ಸಿಕ್ಕಿಸಿರುತ್ತಾನೆ. ಅಗಲ ಅಲಗಿನ ಒಡಿಕತ್ತಿಗೆ ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಕ್ಕೆ. ಯಾವ ಅಲಗು ಮೈಯ ಯಾವ ಭಾಗದಲ್ಲಿ, ಹೇಗೆ ನಿಲ್ಲಬೇಕು ಎಂಬುದನ್ನು ಹಿಂದಿನವರು ನಿರ್ಧರಿಸಿಬಿಟ್ಟಿದ್ದಾರೆ. ಆ ಕತ್ತಿಯನ್ನು ಎಲ್ಲರೂ ನೋಡಲಿ ಎಂದೇ ತೊಡುತ್ತಾರೆ, ಮುಚ್ಚಿಡುವ ಮಾತೇ ಇಲ್ಲ. ಮಲೆನಾಡಿನ ತೋಟಗಳಲ್ಲೂ ಕೆಲಸಕ್ಕೆ ಹೊರಟವರು ಸೊಂಟಕ್ಕೆ ಕಟ್ಟಿದ ಕೊಕ್ಕೆಗೆ ಕತ್ತಿ ತೂಗಿಸಿಕೊಂಡಿರುತ್ತಾರೆ, ಎರಡೂ ಕೈ ಖಾಲಿ ಇರಲಿ ಎಂದು. ನಮ್ಮ ಊರಿನ ಮುದುಕರ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿಗೆ ಬೇರೆ ಅರೆ ಇರುತ್ತಿತ್ತು, ಸುಣ್ಣದ ಡಬ್ಬಿಗೆ ಬೇರೆ. ಪಟ್ಟಣದಲ್ಲಿ ಇಂಥ ಕಟ್ಟುಪಾಡು ಯಾರೂ ಮಾಡಿಕೊಟ್ಟಿಲ್ಲ. ನೀನೇ ಮಾಡಿಕೊಳ್ಳಬೇಕು.

ಮೊದಲು ಕಾನೂನು ತಿಳಿದುಕೋ. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ ಬಂದ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧವೆಂದು ಲೆಕ್ಕಹಾಕುತ್ತವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವುಗಳಿಗೆ ಅದರಲ್ಲಿ ವಿನಾಯಿತಿ ಇದೆ. ನಿನ್ನ ಚಾಕು ಆ ಅಳತೆಯ ಹತ್ತಿರವೂ ಬರುವುದಿಲ್ಲ. ಹಾಗೆಂದು ನಿಶ್ಚಿಂತೆಯಾಗಿರಬೇಡ. ಚುನಾವಣೆ, ಗಲಭೆ, ದೊಡ್ಡ ಮೆರವಣಿಗೆಗಳ ಸಮಯದಲ್ಲಿ ಪೊಲೀಸರು ಆಯುಧ ಒಯ್ಯುವುದನ್ನು ನಿಷೇಧಿಸುವ ಆದೇಶ ಹೊರಡಿಸಬಹುದು. ಆಗ ನಾಕಾಬಂದಿಯಲ್ಲಿ ನಿಂತ ಪೇದೆ ಇಂಚುಪಟ್ಟಿ ಹಿಡಿದು ಅಳೆಯುವುದಿಲ್ಲ, ‘ಇದು ಯಾಕೆ ಬೇಕು’ ಎಂದು ಕೇಳುತ್ತಾನೆ. ಚಾಕು ವೈರು, ಟೆಸ್ಟರು, ಕಟಿಂಗ್ ಪ್ಲೇಯರಿನ ಜೊತೆ ಒಂದೇ ಬ್ಯಾಗಿನಲ್ಲಿದ್ದರೆ ಬ್ಯಾಗೇ ಉತ್ತರ ಹೇಳುತ್ತದೆ. ಒಂಟಿಯಾಗಿ ಜೇಬಿನಲ್ಲಿದ್ದರೆ ನೀನು ಹೇಳಬೇಕು. ಬಟನ್ ಒತ್ತಿದರೆ ಚಿಮ್ಮಿ ತೆರೆಯುವ ಚಾಕುವನ್ನಂತೂ ಮುಟ್ಟಲೇಬೇಡ. ಒಂದು ದಿನ ಗುತ್ತಿಗೆದಾರರು ದೆಹಲಿಗೆ ಕಳಿಸಿಯಾರು. ಅಲ್ಲಿ ಬಟನ್ ಚಾಕುಗಳ ಮೇಲೆ 1980ರ ಅಧಿಸೂಚನೆಯೊಂದಿದ್ದು, ಅಲಗು 7.62 ಸೆಂಟಿಮೀಟರ್ ಇದ್ದರೂ ಅದು ಅನ್ವಯವಾಗುತ್ತದೆ. ಒಂಬತ್ತು ಇಂಚಿನ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಇನ್ನು ಮೆಟ್ರೋ. 2021ರ ಆಗಸ್ಟಿನಲ್ಲಿ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ ಮೇಲೆ ನಿಮ್ಮ ಓಡಾಟ ಎಷ್ಟೋ ಹಗುರವಾಗಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ರಾಜಾಜಿನಗರ. ಆದರೆ ಪ್ರತಿ ನಿಲ್ದಾಣದಲ್ಲೂ ಬ್ಯಾಗು ಯಂತ್ರದೊಳಗೆ ಹೋಗುತ್ತದೆ, ಹರಿತವಾದ ವಸ್ತು ಕಂಡರೆ ತಡೆಯುತ್ತಾರೆ. ಅವರ ಜೊತೆ ವಾದ ಮಾಡಿ ಬೆಳಗಿನ ಕೆಲಸಕ್ಕೆ ತಡವಾಗುವುದು ಬೇಡ. ಕೆಲಸ ನಡೆಯುವ ಕಟ್ಟಡದಲ್ಲಿ ಸಾಮಾನಿನ ಪೆಟ್ಟಿಗೆ ಇದ್ದೇ ಇರುತ್ತದೆ. ಸಂಜೆ ಚಾಕು ಅದರಲ್ಲಿ ಬಿದ್ದು ಬೀಗ ಬೀಳಲಿ. ಚಾಕು ಮನೆಗೆ ಬರಲೇಬೇಕೆಂಬ ನಿಯಮವಿಲ್ಲ. ಮಾಲ್, ಸಿನಿಮಾ, ಕೋರ್ಟು, ಆಸ್ಪತ್ರೆಗಳಿಗೂ ಇದೇ ಮಾತು. ವಿಮಾನ ಹತ್ತುವ ಕಾಲ ಬಂದರೆ ಕೈಚೀಲದಲ್ಲಿ ಬೇಡ, ಒಳಗೆ ಕೊಡುವ ದೊಡ್ಡ ಪೆಟ್ಟಿಗೆಯಲ್ಲಿಡು.

ಕೆಲಸದ ಜಾಗದಲ್ಲಿ ಮಾತ್ರ ಅದು ಮೈಮೇಲೆ ಇರಬೇಕಾಗುತ್ತದೆ. ಅಲ್ಲಿ ಎಲ್ಲಿಡುತ್ತೀಯ? ಹಿಂದಿನ ಜೇಬು ಬೇಡ. ಕೂತಾಗ ಒತ್ತುತ್ತದೆ, ಎದ್ದಾಗ ಆಟೋದ ಸೀಟಿನಲ್ಲೇ ಉಳಿಯುತ್ತದೆ. ಶರ್ಟಿನ ಜೇಬಂತೂ ಬೇಡವೇ ಬೇಡ, ಬಗ್ಗಿದ ಕೂಡಲೇ ಉದುರುತ್ತದೆ. ಕೆಳಗೆ ಏಣಿ ಹಿಡಿದು ನಿಂತವನ ತಲೆ ಇರುತ್ತದೆ. ಮುಂದಿನ ಬಲ ಜೇಬೇ ಸರಿ, ಆದರೆ ಅದರ ತಳದಲ್ಲಿ ಅಡ್ಡಡ್ಡ ಬಿದ್ದಿರಬಾರದು. ಕಾಲು ಮಡಚಿದಾಗ ತೊಡೆಸಂದಿಗೆ ಚುಚ್ಚುತ್ತದೆ. ಬೀಗದ ಕೈ, ಚಿಲ್ಲರೆಯ ಜೊತೆ ಹಾಕಿದರೆ ಕೀಲಿಯ ತುದಿ ಅಲಗನ್ನು ಉಗುರಿನಿಂದ ಎತ್ತುವ ಕಚ್ಚಿಗೆ ಸಿಕ್ಕಿ ಅದನ್ನು ಒಂದಿಷ್ಟು ಮೇಲೆತ್ತಬಹುದು. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಅರ್ಧ ತೆರೆದ ಅಲಗು ಆ ಕಡೆ ಹೊರಳುವ ಅವಕಾಶವನ್ನೇ ಕೊಡಬಾರದು. ಆ ಜೇಬು ಚಾಕುವಿಗೇ ಮೀಸಲಾಗಿರಲಿ. ಕೀಲಿ, ಫೋನು ಎಡಗಡೆಗೆ ಹೋಗಲಿ.

ನಿನ್ನದಕ್ಕೆ ಕ್ಲಿಪ್ ಇದೆಯಲ್ಲ, ಅದನ್ನು ಜೇಬಿನ ಹೊರಗಡೆಯ, ಅಂದರೆ ಸೊಂಟದ ಪಕ್ಕದ ಹೊಲಿಗೆಗೆ ಒತ್ತಿ ಹಾಕು. ಮಡಚಿದಾಗ ಅಲಗಿನ ಮೊನೆ ಮೇಲೆ ಬರುವ ಬಗೆಯದಾದರೆ, ಅಲಗು ತೆರೆದುಕೊಳ್ಳುವ ಬದಿ ಆ ಹೊಲಿಗೆಗೇ ಅಂಟಿರಬೇಕು. ಆಗ ಅದು ತಾನಾಗಿ ಬಿಚ್ಚಿಕೊಳ್ಳಲು ನೋಡಿದರೂ ಬಟ್ಟೆಯೇ ತಡೆಯುತ್ತದೆ. ಇಲ್ಲವಾದರೆ ಕೈ ಒಳಗೆ ಹಾಕಿದಾಗ ಮೊದಲು ಸಿಗುವುದು ಮೊನೆ. ಆದರೂ ನನ್ನ ಮನಸ್ಸಿಗೆ ಒಪ್ಪುವುದು ಸಣ್ಣದೊಂದು ಚರ್ಮದ ಅಥವಾ ಕ್ಯಾನ್ವಾಸಿನ ಒರೆ. ಬೆಲ್ಟಿಗೆ ಪೋಣಿಸಿ, ಬಲ ಪಕ್ಕಕ್ಕೆ, ಮೇಲೆ ಮುಚ್ಚಳ ಬರುವ ಹಾಗೆ. ಬೆನ್ನ ಹಿಂದೆ ನಡುಮಧ್ಯಕ್ಕೆ ಸರಿಸಬೇಡ. ಏಣಿಯಿಂದ ಹಿಂದಕ್ಕೆ ಬಿದ್ದರೆ ಅಲ್ಲಿರುವ ಗಟ್ಟಿ ವಸ್ತು ನೇರವಾಗಿ ಬೆನ್ನುಮೂಳೆಗೆ ಬಡಿಯುತ್ತದೆ. ಸ್ಕೂಟರಿನಲ್ಲಿ ಹೋಗುವಾಗಲೂ ಮೈಮೇಲೆ ಬೇಡ, ಸೀಟಿನ ಕೆಳಗಿನ ಡಿಕ್ಕಿಯೊಳಗೆ ಬ್ಯಾಗಿನಲ್ಲಿರಲಿ. ಮಾಗಡಿ ರಸ್ತೆಯ ಗುಂಡಿಗಳಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆಗೂ ನೆಲಕ್ಕೂ ಮಧ್ಯೆ ಉಕ್ಕಿನ ತುಂಡು ಇರಬಾರದು.

ಎತ್ತರದಲ್ಲಿ ಕೆಲಸ ಮಾಡುವಾಗ ಹಿಡಿಯ ತೂತಿಗೆ ದಾರ ಹಾಕಿ ಬೆಲ್ಟಿಗೆ ಕಟ್ಟಿಕೋ, ಬಿದ್ದರೆ ತೂಗಾಡಲಿ. ಡ್ರಿಲ್ಲಿಂಗ್ ಮೆಷಿನ್ ಕೈಗೆ ತೆಗೆದುಕೊಂಡ ಕ್ಷಣ ಆ ದಾರವನ್ನು ಬಿಚ್ಚಿಡು. ತಿರುಗುವ ಯಂತ್ರದ ಬಳಿ ನೇತಾಡುವ ಯಾವುದೂ ಮೈಮೇಲಿರಕೂಡದು ಎಂಬುದು ಲೇತ್ ಹತ್ತಿರ ನಿಂತ ಪ್ರತಿಯೊಬ್ಬನೂ ಮೊದಲ ದಿನ ಕಲಿಯುವ ಪಾಠ.

ಲಾಕ್ ಇದೆಯೋ ಇಲ್ಲವೋ ನೋಡಿಕೊಂಡೆಯಾ? ಹಳೆಯ ಮಾದರಿಯ ಚಾಕುಗಳಲ್ಲಿ ಬೆನ್ನಿನ ಸ್ಪ್ರಿಂಗ್ ಒತ್ತಡ ಮಾತ್ರ ಅಲಗನ್ನು ಹಿಡಿದಿರುತ್ತದೆ. ಮೊನೆಯಿಂದ ಚುಚ್ಚಿ ಒತ್ತಿದರೆ ಅದು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಸವೊಯ್ ಪ್ರದೇಶದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ ಮರದ ಹಿಡಿಯ ಚಾಕುವಿಗೂ ಲಾಕ್ ಇರಲಿಲ್ಲ. ತಿರುಗಿಸಿದರೆ ಅಲಗನ್ನು ಬಿಗಿಯುವ ಉಕ್ಕಿನ ಉಂಗುರ ಬಂದದ್ದು 1955ರಲ್ಲಿ. ಅಷ್ಟು ಸರಳವಾದ ಉಂಗುರ ಎಷ್ಟು ಬೆರಳುಗಳನ್ನು ಉಳಿಸಿರಬಹುದು! ನಿನ್ನ ಚಾಕುವಿನ ಒಳಗಿನ ತಗಡು ಅಲಗಿನ ಬುಡಕ್ಕೆ ಸರಿದು ನಿಲ್ಲುವ ಬಗೆಯದಾದರೆ, ಮುಚ್ಚುವಾಗ ತಗಡನ್ನು ಸರಿಸಿದ ಹೆಬ್ಬೆರಳು ಅಲಗು ಬರುವ ದಾರಿಯಿಂದ ಆಚೆ ಹೋದ ಮೇಲೆಯೇ ಮಡಚು. ಇನ್ನೊಂದು ಮಾತು: ಲೋಹದ ಹಿಡಿ ಕರೆಂಟು ಹರಿಸುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಟೆಸ್ಟರ್ ಹಚ್ಚಿ ನೋಡದೆ ಆ ಚಾಕು ವೈರಿಗೆ ತಾಗಬಾರದು. ವೈರು ಸುಲಿಯಲು ಸ್ಟ್ರಿಪ್ಪರ್ ಇದ್ದರೆ ಅದನ್ನೇ ಬಳಸು, ತಾಮ್ರದ ಎಳೆಗೆ ಗಾಯವಾಗುವುದಿಲ್ಲ.

ಬೇರೆಯವರು ಕೇಳಿದರೆ ಮಡಚಿ ಕೊಡು. ಅಜ್ಜಿಯರು ಚಾಕುವನ್ನು ಕೈಯಿಂದ ಕೈಗೆ ಕೊಡದೆ ಕೆಳಗಿಟ್ಟು ತೆಗೆದುಕೊಳ್ಳಿ ಅನ್ನುತ್ತಿದ್ದರು. ಜಗಳವಾಗುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ. ನನಗೆ ಬೆರಳು ಕೊಯ್ದೀತು ಎಂಬ ಕಾರಣವೇ ಸಾಕು. ಏಣಿಯ ಮೇಲಿರುವವನಿಗೆ ಮಾತ್ರ ಚೀಲದಲ್ಲಿ ಹಾಕಿ ಹಗ್ಗದಲ್ಲಿ ಮೇಲೇರಿಸು.

ಜೇಬಿನಲ್ಲಿಟ್ಟ ಚಾಕುವಿಗೆ ಬೆವರು, ಬಟ್ಟೆಯ ಜುಂಗು, ಗೋಡೆ ಕೊರೆದ ಪುಡಿ ಎಲ್ಲವೂ ಸೇರುತ್ತವೆ. ವಾರಕ್ಕೊಮ್ಮೆ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಕೀಲನ್ನು ತಿಕ್ಕಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡು. ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆಂದು ಅದನ್ನು ಹಾಕಬೇಡ. ಡಿಸೆಂಬರಿನ ಬೆಂಗಳೂರಿನ ಬೆಳಗಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಕೀಲಿನೊಳಗೂ ಹಾಗೆಯೇ ಆಗುತ್ತದೆ. ಬಿಗಿಯಾದ ಚಾಕುವನ್ನು ಜೋರಾಗಿ ಎಳೆದು ತೆರೆಯುವಾಗಲೇ ಕೈ ತಪ್ಪುವುದು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ಆಯುಧಪೂಜೆಗೆ ಮುನ್ನ ಒಂದೊಂದು ಸ್ಪ್ಯಾನರನ್ನೂ ತೊಳೆದು ಒರೆಸಿ ಸಾಲಾಗಿಡುವುದನ್ನು ನೋಡಿದ್ದೀಯ. ಆ ದಿನದ ಶ್ರದ್ಧೆ ಉಳಿದ ದಿನಗಳಿಗೂ ಬೇಕು. ಮೊಂಡಾದ ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಹೆಚ್ಚು ಬಲ ಹಾಕಿದಾಗ ಜಾರಿದರೆ ತಡೆಯಲಾಗುವುದಿಲ್ಲ. ಸಾಣೆ ಹಿಡಿಯುವವನು ಬೀದಿಗೆ ಬಂದಾಗ ಕೊಡು, ಅಥವಾ ಕಲ್ಲು ಕೊಂಡು ನೀನೇ ಕಲಿತುಕೋ. ನಾನು ತೋರಿಸಿಕೊಡುತ್ತೇನೆ.

ಈ ಭಾನುವಾರ ಮನೆಗೆ ಬಾ. ಶನಿವಾರ ಸಂಜೆಯೇ ಟೂಲ್ ಬ್ಯಾಗು ಪೆಟ್ಟಿಗೆಯಿಂದ ತೆಗೆದುಕೊಂಡಿರು, ಚಾಕು ಅದರೊಳಗೇ ಇರಲಿ, ಬಸ್ಸಿನಲ್ಲಿ ಬಾ. ಆ ಲಾಕನ್ನು ನಾನೊಮ್ಮೆ ನೋಡಬೇಕು. ಅಲಗಿನ ಬುಡದಲ್ಲಿ ಆಟವಿದ್ದರೆ ತಿರುಪು ಬಿಗಿ ಮಾಡೋಣ. ಬಿಗಿ ಮಾಡಿದರೂ ನಿಲ್ಲದಿದ್ದರೆ ಅದನ್ನು ಮನೆಯಲ್ಲಿ ಕಾಗದ ಕತ್ತರಿಸಲು ಇಟ್ಟುಕೊಂಡು, ಕೆಲಸಕ್ಕೆ ಬೇರೆ ಕೊಡಿಸುತ್ತೇನೆ. ಬೆಲ್ಟಿನ ಅಗಲ ಅಳೆದುಕೊಂಡು ಬಾ, ಒರೆ ಹೊಲಿಯಲು ಚರ್ಮ ತಂದಿಟ್ಟಿದ್ದೇನೆ.

ಇಂತಿ ನಿನ್ನ,
ದೊಡ್ಡಪ್ಪ